ಸಮವಸ್ತ್ರ ಕಳಚಿದ ಮೇಲಿನ ನಲವತ್ತು ವರ್ಷ

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ದೀರ್ಘ ಬದುಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಿಲ್ಟ್ರಿ ತಾತಂದಿರ ನಡುವೆ ನಿಂತು ನೋಡಿದಂತೆ

ಜನವರಿ 14 ಬಂತೆಂದರೆ ನಮ್ಮ ಕಡೆ ಸಂಕ್ರಾಂತಿಯ ಗಡಿಬಿಡಿ. ದನಗಳ ಮೈ ತೊಳೆಯಬೇಕು, ಕೊಂಬಿಗೆ ಬಣ್ಣ ಬಳಿಯಬೇಕು, ಸಂಜೆ ಕಿಚ್ಚು ಹಾಯಿಸಬೇಕು. ಎಳ್ಳು ಬೀರುವ ಹೆಣ್ಣುಮಕ್ಕಳು ಬೀದಿ ತುಂಬಿರುತ್ತಾರೆ. ಆ ದಿನಕ್ಕೆ ಇನ್ನೊಂದು ಹೆಸರೂ ಇದೆ ಎಂಬುದು ಹಬ್ಬದ ಸಡಗರದಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಅದು ಮಾಜಿ ಸೈನಿಕರ ದಿನ. 1953ರ ಜನವರಿ 14ರಂದು ಜನರಲ್ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯಿಂದ ನಿವೃತ್ತರಾದರು. ಆ ದಿನವನ್ನೇ ಆರಿಸಿಕೊಂಡು ಮಾಜಿ ಸೈನಿಕರ ದಿನ ಆಚರಿಸುತ್ತಾ ಬಂದಿದ್ದಾರೆ.

ಮಾರನೆಯ ದಿನ, ಜನವರಿ 15, ಸೇನಾ ದಿನ. 1949ರ ಆ ದಿನ ಕಾರ್ಯಪ್ಪನವರು ಸರ್ ರಾಯ್ ಬೂಚರ್ ಅವರಿಂದ ಸೇನೆಯ ಅಧಿಕಾರ ವಹಿಸಿಕೊಂಡರು. ಭಾರತದ ಸೇನೆಗೆ ಭಾರತೀಯನೊಬ್ಬ ಮಹಾದಂಡನಾಯಕನಾದದ್ದು ಅದೇ ಮೊದಲು. ಆ ದಿನಕ್ಕೆ ಪರೇಡು ಇದೆ, ಬ್ಯಾಂಡು ಇದೆ, ಟಿವಿಯ ನೇರ ಪ್ರಸಾರ ಇದೆ. 2023ರಲ್ಲಿ ಆ ಪರೇಡು ಮೊದಲ ಸಲ ದೆಹಲಿ ಬಿಟ್ಟು ಬೆಂಗಳೂರಿಗೇ ಬಂದಿತ್ತು. ಅಧಿಕಾರ ಹಿಡಿದ ದಿನಕ್ಕೆ ಸಿಗುವ ಮರ್ಯಾದೆ ಅಧಿಕಾರ ಬಿಟ್ಟ ದಿನಕ್ಕೆ ಸಿಗುವುದಿಲ್ಲ. ಇದು ಲೋಕರೂಢಿ, ದೂರಿ ಫಲವಿಲ್ಲ. ಈ ಲೇಖನ ಮಾತ್ರ ಹದಿನಾಲ್ಕನೇ ತಾರೀಕಿನ ಕಡೆಯದು.

ಲೆಕ್ಕ ಹಾಕಿ ನೋಡಿ. ಕಾರ್ಯಪ್ಪನವರು ಸೇನೆಯಲ್ಲಿದ್ದದ್ದು 1919ರಿಂದ 1953ರವರೆಗೆ, ಮೂವತ್ತಮೂರು ವರ್ಷ. ಸೇನೆ ಬಿಟ್ಟ ಮೇಲೆ ಬದುಕಿದ್ದು ನಲವತ್ತು ವರ್ಷ. ಪಠ್ಯಪುಸ್ತಕಗಳಲ್ಲಿ ಮೊದಲ ಮೂವತ್ತಮೂರು ವರ್ಷಕ್ಕೆ ಒಂದು ಪುಟ ಸಿಗುತ್ತದೆ, ಉಳಿದ ನಲವತ್ತಕ್ಕೆ ಒಂದು ಸಾಲು. ನಮ್ಮೂರುಗಳ ಸೈನಿಕರದ್ದೂ ಇದೇ ಲೆಕ್ಕ. ಹದಿನೆಂಟು ಇಪ್ಪತ್ತಕ್ಕೆ ಭರ್ತಿಯಾಗಿ, ಹದಿನೈದು ಹದಿನೇಳು ವರ್ಷ ಸೇವೆ ಮುಗಿಸಿ, ಮೂವತ್ತೈದು ಮೂವತ್ತೇಳಕ್ಕೆಲ್ಲ ಟ್ರಂಕು ಹೊತ್ತು ಮನೆಗೆ ಬರುವ ಜವಾನ ಆಮೇಲೆ ನಲವತ್ತು ವರ್ಷ ಊರಲ್ಲೇ ಇರುತ್ತಾನೆ. ಯುದ್ಧ ಕಂಡದ್ದು ಎರಡೇ ವಾರ ಇದ್ದೀತು. 1971ರ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ಹದಿನಾಲ್ಕೇ ದಿನ. ಸಂಸಾರ ನಡೆಸಿದ್ದು ಮಾತ್ರ ಅರ್ಧ ಶತಮಾನ.

ಕೋಟೆಗಳ ಸೀಮೆಯ ಸೈನಿಕರು

ಕೊಡಗಿಗೆ ಇರುವ ಯೋಧರ ನಾಡೆಂಬ ಹೆಸರು ನಮ್ಮ ಈ ನಾಲ್ಕು ತಾಲ್ಲೂಕುಗಳಿಗಿಲ್ಲ. ಆದರೆ ಯುದ್ಧವೆಂದರೆ ಏನೆಂದು ಈ ನೆಲಕ್ಕೆ ಗೊತ್ತು. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡರು. 1761ರಲ್ಲಿ ಅದು ಹೈದರನ ಕೈಸೇರಿತು. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರ್ ಸೆರೆಯಿಟ್ಟದ್ದು ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಆ ಬೆಟ್ಟ ಹತ್ತಿ ಅವಳನ್ನು ಬಿಡಿಸಿತು. ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು, ಮಧುಗಿರಿಯ ಮಿಡಿಗೇಶಿ, ಎತ್ತ ತಿರುಗಿದರೂ ಬಂಡೆಯ ಮೇಲೊಂದು ಕೋಟೆ. ಯಾರೋ ಕಟ್ಟಿದರು, ಯಾರೋ ಹಿಡಿದರು. ಆ ಗೋಡೆಗಳ ಮೇಲೆ ಕಾವಲು ಕಾದವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಸಿಪಾಯಿಯ ಹೆಸರು ಬರೆದಿಡುವ ಅಭ್ಯಾಸ ಅಂದಿಗೂ ಇರಲಿಲ್ಲ, ಇಂದಿಗೂ ಅಷ್ಟಕ್ಕಷ್ಟೇ.

ಹಳೆಯ ಮೈಸೂರು ಸಂಸ್ಥಾನದ ಪ್ರಜೆಗಳಾದ ನಮಗೆ ಸಂಸ್ಥಾನದ ಸೇನೆಯೇ ನಮ್ಮ ಸೇನೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ತುರ್ಕರಿಂದ ಕಸಿದುಕೊಳ್ಳುವಾಗ ಜೋಧಪುರದ ಕುದುರೆಪಡೆಯ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಶತ್ರುವಿನ ತೋಪುಗಳ ಮೇಲೆ ಬಿದ್ದವರು ಅವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಎರಡನೇ ಮಹಾಯುದ್ಧದಲ್ಲಿ ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅವರೂ ಜಪಾನಿಯರ ಕೈಗೆ ಸಿಕ್ಕರು. ಸ್ವಾತಂತ್ರ್ಯದ ನಂತರ ಆ ಪಡೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಸೇರಿಹೋದರು. ಇಂದಿಗೂ ಕುದುರೆಯನ್ನೇ ಏರುವ ದಂಡು ಅದು.

ಆಮೇಲೆ ನಮ್ಮ ಹುಡುಗರು ಹೋದದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ಗೆ, ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಿಗೆ, ಸೇನೆಯ ಸರಬರಾಜು ದಳವಾದ ಎಎಸ್‌ಸಿಗೆ, ತೋಪಖಾನೆಗೆ. ಹೋದದ್ದು ಯಾಕೆ? ದೇಶಪ್ರೇಮ ಎಂದು ಬರೆದುಬಿಡುವುದು ಸುಲಭ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಒಣಗಿ, ರಾಗಿ ತೆನೆ ಕಟ್ಟದೆ, ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಾದಾಗ ದೊಡ್ಡವನು ಭರ್ತಿಗೆ ಹೋಗುತ್ತಿದ್ದ. ಪಾವಗಡ, ಶಿರಾದಂಥ ಬರದ ಸೀಮೆಯಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಮನಿಆರ್ಡರ್ ಎಂದರೆ ಬಾವಿಯಲ್ಲಿ ನೀರು ಬಂದ ಹಾಗೆ. ದೇಶಪ್ರೇಮ ಆಮೇಲೆ, ಪಲ್ಟನ್ನಿನಲ್ಲಿ, ಪಕ್ಕದವನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಾ ಬಂದದ್ದು. ಇದರಿಂದ ಅವರ ಸೇವೆಯ ತೂಕವೇನೂ ಕಡಿಮೆಯಾಗುವುದಿಲ್ಲ.

ಚಿಮ್ಮನಿಂದ ಕಿಪ್ಪರ್‌ವರೆಗೆ

ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು 1899ರ ಜನವರಿ 28ರಂದು, ಉತ್ತರ ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪ ಕಂದಾಯ ಇಲಾಖೆಯಲ್ಲಿದ್ದರು. ಮನೆಯವರ ಬಾಯಲ್ಲಿ ಮಗ ಚಿಮ್ಮ. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಇಂದೋರಿನ ಡೇಲಿ ಕಾಲೇಜಿನಲ್ಲಿ ಸೈನಿಕ ತರಬೇತಿ. ಭಾರತೀಯರಿಗೆ ಪೂರ್ಣ ಕಮಿಷನ್ ಕೊಡಲು ಬ್ರಿಟಿಷರು ಒಲ್ಲದ ಮನಸ್ಸಿನಿಂದ ಒಪ್ಪಿದ ಮೊದಲ ತಂಡದಲ್ಲಿ ಅವರಿದ್ದರು. 1919ರ ಡಿಸೆಂಬರಿನಲ್ಲಿ ಸೇರಿದ ಮೊದಲ ದಂಡಿನ ಹೆಸರು ಕರ್ನಾಟಿಕ್ ಇನ್‌ಫೆಂಟ್ರಿ. ನಂತರ ಮೆಸೊಪೊಟೇಮಿಯಾ, ವಾಯವ್ಯ ಗಡಿ, ರಜಪೂತ್ ರೆಜಿಮೆಂಟ್. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಸಿಕ್ಕಿದ ಮೊದಲ ಭಾರತೀಯ. ಇರಾಕ್, ಸಿರಿಯಾ, ಇರಾನ್, ಆಮೇಲೆ ಬರ್ಮಾ. ಈ ‘ಮೊದಲ’ಗಳ ಸಾಲು ಉದ್ದ ಇದೆ, ಇಷ್ಟು ಸಾಕು.

ಕಾಶ್ಮೀರದ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾಗದು. ಕಾರ್ಯಪ್ಪ ಎಂದು ಹೇಳಲು ನಾಲಿಗೆ ಹೊರಳದ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿ ಇಟ್ಟ ಅಡ್ಡಹೆಸರು ಕಿಪ್ಪರ್. 1948ರ ಆರಂಭದಲ್ಲಿ ಪಶ್ಚಿಮದ ಕಮಾಂಡ್ ವಹಿಸಿಕೊಂಡ ಕಾರ್ಯಪ್ಪನವರು ನೌಶೇರಾಕ್ಕೆ ಹೋಗಿ, ಅಲ್ಲಿನ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಹತ್ತಿರ ಒಂದು ಉಡುಗೊರೆ ಕೇಳಿದರು: ಎದುರಿನ ಕೋಟ್ ಎತ್ತರವನ್ನು ಗೆದ್ದುಕೊಡಿ ಎಂದು. ಉಸ್ಮಾನ್ ಆ ಕಾರ್ಯಾಚರಣೆಗೆ ‘ಆಪರೇಷನ್ ಕಿಪ್ಪರ್’ ಎಂದೇ ಹೆಸರಿಟ್ಟು ಫೆಬ್ರವರಿ 1ಕ್ಕೆ ಕೋಟ್ ಹಿಡಿದರು. ಅದೇ ವರ್ಷದ ಜುಲೈ 3ರಂದು ಉಸ್ಮಾನ್ ಯುದ್ಧಭೂಮಿಯಲ್ಲಿ ಮಡಿದರು. ಆ ವರ್ಷದ ನವೆಂಬರಿನಲ್ಲಿ ಇನ್ನೊಬ್ಬ ಕೊಡವ, ತಿಮ್ಮಯ್ಯನವರ ಡಿವಿಷನ್ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿ ತೆರೆಯಿತು.

ಮಹಾದಂಡನಾಯಕರಾದ ವರ್ಷವೇ ಕಾರ್ಯಪ್ಪನವರು ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿದರು. ಜಾತಿ, ಪ್ರಾಂತ್ಯಗಳ ಮೇಲೆ ದಂಡು ಕಟ್ಟುವ ಬ್ರಿಟಿಷ್ ಪದ್ಧತಿ ಬಿಟ್ಟು, ದೇಶದ ಎಲ್ಲ ಕಡೆಯವರನ್ನೂ ಒಂದೇ ದಂಡಿಗೆ ಸೇರಿಸಿದ ಪ್ರಯೋಗ ಅದು. ಅವರ ಯುದ್ಧಗಳಿಗಿಂತ ದೊಡ್ಡ ಕೆಲಸ ಇದು ಎಂದು ನನ್ನ ಎಣಿಕೆ. ಸೇನೆ ರಾಜಕೀಯದಿಂದ ದೂರ ಇರಬೇಕು ಎಂಬ ಅವರ ಹಟ ಅದಕ್ಕೂ ಮುಖ್ಯವಾದದ್ದು. ಹಾಗೆಂದು ಅವರು ಬಾಯಿ ಕಟ್ಟಿ ಕೂತವರೇನಲ್ಲ. ಆರ್ಥಿಕ ನೀತಿಯಂಥ ವಿಷಯಗಳಲ್ಲೂ ಮಾತಾಡಿ, ಪತ್ರಿಕಾಗೋಷ್ಠಿ ಕಡಿಮೆ ಮಾಡಿ ಎಂದು ಪ್ರಧಾನಿ ನೆಹರೂ ಅವರಿಂದಲೇ ಸೂಚನೆಯ ಪತ್ರ ಪಡೆದಿದ್ದರು. ಆಜಾದ್ ಹಿಂದ್ ಫೌಜಿನವರನ್ನು ಸೇನೆಗೆ ಮತ್ತೆ ಸೇರಿಸಿಕೊಳ್ಳಲು ಅವರು ಒಪ್ಪಲಿಲ್ಲ. ಇಂದಿಗೂ ಆ ನಿರ್ಧಾರ ನುಂಗಲಾಗದವರಿದ್ದಾರೆ, ಅವರ ಮಾತಿನಲ್ಲೂ ನ್ಯಾಯ ಇದೆ.

ತಾಯಿಯಿಲ್ಲದ ಇಬ್ಬರು ಮಕ್ಕಳ ತಂದೆ

ಈ ಎಲ್ಲದರ ನಡುವೆ ಒಂದು ಸಂಸಾರವೂ ನಡೆದಿತ್ತು. 1937ರಲ್ಲಿ ಸಿಕಂದರಾಬಾದಿನಲ್ಲಿ ಕಾರ್ಯಪ್ಪನವರು ಮುತ್ತು ಮಾಚಿಯಾ ಅವರನ್ನು ಮದುವೆಯಾದರು. 1938ರ ಜನವರಿಯಲ್ಲಿ ಮಗ ನಂದ ಹುಟ್ಟಿದ, 1943ರಲ್ಲಿ ಮಗಳು ನಳಿನಿ. ಮದುವೆ ಬಾಳಲಿಲ್ಲ. 1945ರಲ್ಲಿ ದಂಪತಿ ಬೇರೆಯಾದರು. ಮೂರು ವರ್ಷದ ಮೇಲೆ ಆಕೆ ಅಪಘಾತವೊಂದರಲ್ಲಿ ತೀರಿಕೊಂಡರು. 1948 ಎಂದರೆ ಕಾಶ್ಮೀರದ ಯುದ್ಧದ ವರ್ಷ. ಮಗನಿಗೆ ಹತ್ತು, ಮಗಳಿಗೆ ಐದು. ಕಾರ್ಯಪ್ಪನವರು ಮತ್ತೆ ಮದುವೆಯಾಗಲಿಲ್ಲ.

ತಂದೆಯಾಗಿ ಅವರು ಮೃದುವಾಗಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೂಟಿನ ಹೊಳಪು, ಊಟದ ಹೊತ್ತು, ಕೋಟು, ಟೈ, ಎಲ್ಲಕ್ಕೂ ಶಿಸ್ತು. ಸರ್ಕಾರಿ ಸವಲತ್ತು ಮನೆಯ ಕೆಲಸಕ್ಕೆ ಬಳಕೆಯಾಗಕೂಡದು. ಮಗ ತಂದೆಯ ದಾರಿಯನ್ನೇ ಹಿಡಿದ, ಆದರೆ ಆಕಾಶದಲ್ಲಿ. ವಾಯುಪಡೆ ಸೇರಿ ಹಂಟರ್ ವಿಮಾನ ಹಾರಿಸಿದ. 1965ರ ಸೆಪ್ಟೆಂಬರ್ 22, ಕದನವಿರಾಮಕ್ಕೆ ಇನ್ನು ಕೆಲವೇ ಗಂಟೆ. 20ನೇ ಸ್ಕ್ವಾಡ್ರನ್ನಿನ ನಂದ ಕಾರ್ಯಪ್ಪ ಹಾರಿಸುತ್ತಿದ್ದ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು. ಪ್ಯಾರಾಚೂಟಿನಲ್ಲಿ ಇಳಿದಾಗ ತಾನಿರುವುದು ನಮ್ಮ ಕಡೆಯೇ ಅಂದುಕೊಂಡಿದ್ದ. ಸುತ್ತುವರಿದವರು ಪಾಕಿಸ್ತಾನದ ಸೈನಿಕರು. ಬೆನ್ನಿಗೆ ಏಟಾಗಿತ್ತು.

ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಒಂದಾಗಿದ್ದಾಗ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಸೆರೆಸಿಕ್ಕವನು ಹಳೆಯ ಸಾಹೇಬರ ಮಗ ಎಂದು ತಿಳಿದೊಡನೆ, ನಿಮ್ಮ ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಟ್ಟು ಕಳಿಸುತ್ತೇವೆ ಎಂದು ದೆಹಲಿಯ ತಮ್ಮ ಹೈಕಮಿಷನರ್ ಮೂಲಕ ಹೇಳಿಸಿದರು. ಕಾರ್ಯಪ್ಪನವರ ಉತ್ತರವನ್ನು ಮಗನೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಅವನೊಬ್ಬನಿಗೆ ವಿಶೇಷ ಉಪಚಾರ ಬೇಡ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಆಸ್ಪತ್ರೆಯಲ್ಲಿದ್ದ ಹುಡುಗನನ್ನು ನೋಡಲು ಬೇಗಂ ಅಯೂಬ್ ಸಿಗರೇಟು ಮತ್ತು ವುಡ್‌ಹೌಸ್ ಕಾದಂಬರಿ ಹಿಡಿದು ಬಂದಿದ್ದರು. ಬಿಡುಗಡೆಯಾದದ್ದು ನಾಲ್ಕು ತಿಂಗಳ ಮೇಲೆ, 1966ರ ಜನವರಿಯಲ್ಲಿ, ಇತರ ಸೆರೆಯಾಳುಗಳ ಜೊತೆ.

ಈ ಕಥೆಯನ್ನು ಎಲ್ಲರೂ ದೇಶಭಕ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅರವತ್ತಾರು ವರ್ಷದ ಒಂಟಿ ತಂದೆಯೊಬ್ಬನ ನಾಲ್ಕು ತಿಂಗಳಾಗಿಯೂ ಕಾಣುತ್ತದೆ. ಒಂದು ಮಾತು ಆಡಿದ್ದರೆ ಮಗ ಮನೆಗೆ ಬರುತ್ತಿದ್ದ. ಆ ಮಾತು ಆಡದೆ, ದೀಪಾವಳಿ ಕಳೆದು, ಹುತ್ತರಿ ಕಳೆದು, ಮಗನ ಹುಟ್ಟುಹಬ್ಬ ಕಳೆದು, ಕಾಯಬೇಕು. ಮಗ ವಾಯುಪಡೆಯಲ್ಲಿ ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ತಂದೆಯ ಜೀವನಚರಿತ್ರೆ ಬರೆದವರೂ ಅವರೇ. ಆ ತಂದೆ ಮಕ್ಕಳನ್ನು ಹೇಗೆ ಬೆಳೆಸಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರೋಶನಾರಾದ ದಿನಗಳು

ನಿವೃತ್ತಿಯ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಹೈಕಮಿಷನರಾಗಿ ಹೋಗಿ 1956ರಲ್ಲಿ ಹಿಂದಿರುಗಿದರು. ನೆಲೆ ನಿಂತದ್ದು ಮಡಿಕೇರಿಯ ‘ರೋಶನಾರಾ’ ಎಂಬ ಮನೆಯಲ್ಲಿ. ಗಿಡ, ತೋಟ, ಪತ್ರಗಳು, ಬಂದುಹೋಗುವ ಹಳೆಯ ಸಿಪಾಯಿಗಳು. 1964ರಲ್ಲಿ ಅವರು ಭಾರತೀಯ ಮಾಜಿ ಸೈನಿಕರ ಸಂಘ, ಅಂದರೆ ಇಂಡಿಯನ್ ಎಕ್ಸ್‌ಸರ್ವೀಸಸ್ ಲೀಗ್, ಹುಟ್ಟುಹಾಕಿದರು. ಎರಡನೇ ಮಹಾಯುದ್ಧ ಮುಗಿದೊಡನೆ ಲಕ್ಷಗಟ್ಟಲೆ ಸಿಪಾಯಿಗಳನ್ನು ಪಿಂಚಣಿಯಿಲ್ಲದೆ, ಕೈಗಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದ್ದನ್ನು ಕಂಡವರು ಅವರು. 1965, 1971ರ ಯುದ್ಧಗಳ ಹೊತ್ತಿನಲ್ಲಿ, ವಯಸ್ಸಾದ ಮೇಲೂ, ಗಡಿಗೆ ಹೋಗಿ ಜವಾನರನ್ನು ಮಾತಾಡಿಸಿ ಬಂದರು.

ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ಎಂಬತ್ತೇಳನೇ ವಯಸ್ಸಿನಲ್ಲಿ, ಸೇನೆ ಬಿಟ್ಟು ಮೂವತ್ತಮೂರು ವರ್ಷವಾದ ಮೇಲೆ. ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಕಾಲಿನ ಕಿರುಬೆರಳಿಗೆ ವಿಪರೀತ ನೋವು. ಮನೆಯಲ್ಲಿ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಆ ದಿನ ಮಾತ್ರ ಎರಡೂ ಕಾಲಿಗೆ ಬೂಟು ತೊಟ್ಟು, ಊರುಗೋಲನ್ನೂ ಒಲ್ಲೆನೆಂದು, ನೆಟ್ಟಗೆ ನಡೆದುಹೋಗಿ ಬೇಟನ್ ಸ್ವೀಕರಿಸಿದರು. 1993ರ ಮೇ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ತೊಂಬತ್ತನಾಲ್ಕು. ಎರಡು ದಿನದ ಮೇಲೆ ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಮೂರೂ ಪಡೆಗಳ ಮುಖ್ಯಸ್ಥರು ಬಂದಿದ್ದರು, ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಬಂದಿದ್ದರು. ಚಿತೆಗೆ ಬೆಂಕಿಯಿಟ್ಟವರು ಮಗ.

ನಮ್ಮ ಮನೆಯ ಟ್ರಂಕು

ದೊಡ್ಡವರ ಬದುಕು ಬರೆಯಲು ಮಗನಿದ್ದ, ಸೇನೆಯ ದಾಖಲೆ ಇತ್ತು, ಪತ್ರಿಕೆಗಳಿದ್ದವು. ಕೊರಟಗೆರೆಯ ಹಳ್ಳಿಯೊಂದರ ನಿವೃತ್ತ ಹವಾಲ್ದಾರರಿಗೆ ಯಾರಿದ್ದಾರೆ? ನಮ್ಮ ಹೋಬಳಿಗಳಲ್ಲಿ ಅಂಥವರನ್ನು ಹುಡುಕುವುದು ಕಷ್ಟವಲ್ಲ. ಮಿಲ್ಟ್ರಿ ತಾತನ ಮನೆ ಯಾವುದು ಎಂದರೆ ಸಣ್ಣ ಹುಡುಗರೂ ತೋರಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಗಡ್ಡ ಬೋಳಿಸಿ, ಮಡಿಸಿದ ಕಂಬಳಿ ಒಂದಿಂಚೂ ಆಚೀಚೆ ಆಗದಂತೆ ಇಟ್ಟು, ಹಾಲು ಕರೆಯಲು ಹೋಗುವವರು. ಸೊಸೆಯನ್ನು ಕನ್ನಡದಲ್ಲಿ, ಎಮ್ಮೆಯನ್ನು ಹಿಂದಿಯಲ್ಲಿ ಬಯ್ಯುವವರು. ಪಾವಗಡದವರಾದರೆ ನಡುವೆ ತೆಲುಗೂ ಬರುತ್ತದೆ. ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಇಪ್ಪತ್ತು ವರ್ಷ ಕಾವಲು ಕೆಲಸ ಮಾಡಿ ಎರಡನೇ ಸಲ ನಿವೃತ್ತರಾದವರು. ಕ್ಯಾಂಟೀನಿನ ರಮ್ಮಿಗಾಗಿ ಯಾವತ್ತೂ ಇಲ್ಲದ ನೆಂಟಸ್ತಿಕೆ ಹುಡುಕಿಕೊಂಡು ಬರುವವರನ್ನು ನಕ್ಕು ಸಾಗಹಾಕುವ ಕಲೆ ಬಲ್ಲವರು.

ಗಂಡ ಗಡಿಯಲ್ಲಿದ್ದ ಆ ಹದಿನೈದು ವರ್ಷ ಹೊಲ ಉತ್ತಿಸಿದ್ದು, ಅತ್ತೆಮಾವನ ಚಾಕರಿ ಮಾಡಿದ್ದು, ಮಕ್ಕಳನ್ನು ಇಸ್ಕೂಲಿಗೆ ಸೇರಿಸಿದ್ದು ಮನೆಯಾಕೆ. ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ಬರುತ್ತಿದ್ದ ಅಪ್ಪನನ್ನು ನೋಡಿ ಮಕ್ಕಳು ಯಾರೋ ಹೊಸಬ ಬಂದ ಎಂದು ಅಳುತ್ತಿದ್ದವು. ಸೇನೆ ಬಿಟ್ಟು ಬಂದ ಮೇಲೆ ಮಕ್ಕಳ ಪರಿಚಯ ಮಾಡಿಕೊಳ್ಳುವುದೇ ಅವರಿಗೊಂದು ಕೆಲಸವಾಯಿತು. ಮಕ್ಕಳಿಗೆ ಕೊಡಲಾಗದ್ದನ್ನು ಅವರು ಮೊಮ್ಮಕ್ಕಳಿಗೆ ಕೊಡುತ್ತಿರುವುದನ್ನು ಯಾವ ಹಳ್ಳಿಯ ಜಗಲಿಯಲ್ಲಾದರೂ ನೋಡಬಹುದು.

1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. 1962, 1965ನ್ನು ಕಂಡವರು ಎಂಬತ್ತರ ಮೇಲಿದ್ದಾರೆ. ಅವರಿಗೆ ಕಥೆ ಹೇಳಿ ಎಂದರೆ ಹೇಳುವುದಿಲ್ಲ. ಪದಕ ತೋರಿಸಿ ಎನ್ನಿ, ಟ್ರಂಕು ತೆರೆಯುತ್ತದೆ. ಪದಕದ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ 1971ರಲ್ಲಿ ಅವರು ಬಾಂಗ್ಲಾದ ಕಡೆಯ ರಣರಂಗದಲ್ಲಿದ್ದರು, ಪಶ್ಚಿಮಿ ಸ್ಟಾರ್ ಇದ್ದರೆ ಪಾಕಿಸ್ತಾನದ ಗಡಿಯಲ್ಲಿ. ಸಂಗ್ರಾಮ್ ಪದಕ ಆ ಯುದ್ಧದ ಹೊತ್ತಿನ ಸೇವೆಗೆ. ಸಮರ್ ಸೇವಾ ಸ್ಟಾರ್ 1965ರ ರಣರಂಗದ್ದು, ರಕ್ಷಾ ಪದಕ ಆ ವರ್ಷದ ಸೇವೆಯದು. ಪದಕದ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಿ, ಊರು, ನದಿ, ಜೊತೆಗಾರರ ಹೆಸರು ತಾನಾಗಿ ಬರುತ್ತವೆ. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ, ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ.

ಟ್ರಂಕು ತೆರೆದಾಗಲೇ ಇನ್ನೊಂದು ಕೆಲಸವನ್ನೂ ಮುಗಿಸಿಬಿಡಿ. ಪಿಂಚಣಿಯ ಪಿಪಿಒ ಕಾಗದದಲ್ಲಿ ಅಜ್ಜಿಯ ಹೆಸರು, ಹುಟ್ಟಿದ ದಿನ ಸರಿಯಾಗಿದೆಯೇ ನೋಡಿ. ಭರ್ತಿಯ ಹೊತ್ತಿನಲ್ಲಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರು ಒಂದು, ಆಧಾರ್ ಕಾರ್ಡಿನ ಹೆಸರು ಇನ್ನೊಂದು ಆಗಿರುತ್ತದೆ. ತಾತ ಹೋದ ಮೇಲೆ ಕುಟುಂಬ ಪಿಂಚಣಿಗೆ ಅಜ್ಜಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಈ ಒಂದಕ್ಷರದ ದೆಸೆಯಿಂದ. ತಾತ ಇರುವಾಗಲೇ, ಅವರ ಸಹಿ ಇರುವಾಗಲೇ, ಅವರ ದಂಡಿನ ರೆಕಾರ್ಡ್ ಆಫೀಸಿಗೆ ಬರೆದು ಸರಿಮಾಡಿಸಿ. ದಾರಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.